ತೋಡಾರಿನಿಂದ ದುಬೈಗೆ

ಮಂಗಳೂರಿನಿಂದ ಮೂಡುಬಿದಿರೆಯತ್ತ ಏರಿಳಿದು ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ತೋಡಾರಿನವರು ಕೈಕಂಬದಲ್ಲಿ ಹೊರಳಿ ಬಜ್ಪೆಯ ವಿಮಾನ ನಿಲ್ದಾಣವನ್ನು ಸೇರುವುದು ಅಲ್ಪಕಾಲದ ಮಾತಾಗಿರುವುದರಿಂದಲೂ, ಅಲ್ಲಿಂದ ದುಬೈ ನಗರವು ಆಕಾಶಮಾರ್ಗದಲ್ಲಿ ಸುಮಾರು 2,460 ಕಿಲೋಮೀಟರು ದೂರದಲ್ಲಿದ್ದರೂ ಮೂರೂವರೆ ಗಂಟೆಗಳಲ್ಲಿ ಕೈಗೆಟಕುವುದರಿಂದಲೂ, ಬಸ್ಸಿನಲ್ಲಿ ಘಟ್ಟ ಹತ್ತಿ ಮುಟ್ಟಬೇಕಾದ ಬೆಂಗಳೂರಿಗಿಂತ ಕಡಲಾಚೆಯ ತೀರವೇ ಈ ಸೀಮೆಯವರಿಗೆ ಹತ್ತಿರವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಸಾಮೀಪ್ಯವೆಲ್ಲವೂ ವಿಮಾನದ ಕೊಡುಗೆಯೆಂದು ಭಾವಿಸಿದರೆ ಇತಿಹಾಸಕ್ಕೆ ಅನ್ಯಾಯವಾದೀತು.

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಗಳೂರಿನಲ್ಲಿ ನೆಲಸಿ, ಕಂಚಿನ ಕಾರ್ಯಾಗಾರವೊಂದನ್ನು ನಡೆಸುತ್ತ, ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಏಡನ್ನಿಗೆ ಕಳುಹುತ್ತಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಕಾಗದಗಳು ಕೈರೋದ ಪ್ರಾಚೀನ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದುಬಂದಿವೆ. ಯಜಮಾನನ ವ್ಯವಹಾರಕ್ಕಾಗಿ ಏಡನ್ನಿಗೆ ಹೋದ ಸೇವಕನೊಬ್ಬನ ಹೆಸರು ಅವುಗಳಲ್ಲಿದ್ದು, ವಿದ್ವಾಂಸರು ಅದನ್ನು ಬೊಮ್ಮ ಎಂದು ಓದಿದ್ದಾರೆ. ಆ ಕಾಲದಲ್ಲಿ ದೂರದ ಮಾನದಂಡ ಗಾಳಿಯೇ ಆಗಿತ್ತು: ನೈಋತ್ಯ ಮಾರುತದ ಉಗ್ರತೆ ಇಳಿಯುವ ಹೊತ್ತಿಗೆ ಏಡನ್ ಬಿಟ್ಟ ಹಡಗು ಕೆಲವೇ ವಾರಗಳಲ್ಲಿ ನಮ್ಮ ಕರಾವಳಿಯನ್ನು ಕಾಣಬಲ್ಲುದಾದರೂ, ಮರಳುವುದಕ್ಕೆ ಈಶಾನ್ಯ ಮಾರುತ ಬೀಸುವ ತನಕ ಕಾಯಲೇಬೇಕಾಗಿದ್ದುದರಿಂದ, ಹೋಗಿಬರುವ ಒಂದು ಯಾತ್ರೆ ವರ್ಷದ ಬಹುಭಾಗವನ್ನು ನುಂಗುತ್ತಿತ್ತು. ಹಾಗಿದ್ದೂ ಸಂಪರ್ಕ ಕಡಿಯಲಿಲ್ಲ. ತೋಡಾರಿಗೆ ನೆರೆಯಾದ ಮೂಡುಬಿದಿರೆಯಲ್ಲಿ, 1430ರಲ್ಲಿ ನಿರ್ಮಿತವಾಗಿ ತರುವಾಯ ವಿಸ್ತಾರಗೊಂಡ ಸಾವಿರ ಕಂಬದ ಬಸದಿಯ ಕಲ್ಲುಗಳಲ್ಲಿ ಆಫ್ರಿಕದ ಜಿರಾಫೆಯೂ ಚೀನದ ಡ್ರ್ಯಾಗನ್ನೂ ಮೂಡಿವೆ. ಶಿಲ್ಪಿ ಅವುಗಳ ರೂಪವನ್ನು ಚಿತ್ರದಲ್ಲಿ ಕಂಡನೋ, ನಾವಿಕರ ಬಾಯಿಂದ ಕೇಳಿದನೋ, ಅಂತೂ ಕಡಲಾಚೆಯ ಸುದ್ದಿ ಈ ಕಾಡುಗುಡ್ಡಗಳ ಒಳನಾಡಿಗೂ ತಲಪಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ.

ವಿಚಿತ್ರವೆಂದರೆ, ಹಾಯಿಯ ಕಾಲ ಹೋಗಿ ಯಂತ್ರದ ಹಡಗುಗಳು ಬಂದ ಮೇಲೆ ನಮ್ಮವರಿಗೆ ಹೊಸದೊಂದು ದೂರ ಅಂಟಿಕೊಂಡಿತು, ಅದು ಮುಂಬಯಿ. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಕೊಲ್ಲಿಯ ಬಂದರುಗಳಿಗೆ ಹೊರಡುತ್ತಿದ್ದುದು ಅಲ್ಲಿಂದ. ಅವುಗಳಲ್ಲೊಂದಾದ ದಾರಾ 1961ರ ಏಪ್ರಿಲಿನಲ್ಲಿ ದುಬೈಯ ಸಮೀಪ ಸ್ಫೋಟಗೊಂಡು 238 ಮಂದಿ ಮಡಿದರು. ಮುಂಬಯಿಯಾದರೂ ಸಮೀಪವೇ? ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆಯುವವರೆಗೆ ಮಂಗಳೂರಿನಿಂದ ಅಲ್ಲಿಗೆ ರೈಲಿನ ದಾರಿ 2,041 ಕಿಲೋಮೀಟರು, ಎಂದರೆ 41 ಗಂಟೆಗಳ ಸುತ್ತುಬಳಸು. ಆ ಬಳಿಕ 914 ಕಿಲೋಮೀಟರು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಬಜ್ಪೆಯ ನಿಲ್ದಾಣ ಆರಂಭಗೊಂಡಿದ್ದರೂ, ಗುಡ್ಡದ ನೆತ್ತಿಯ ಆ ಕಿರಿದಾದ ರನ್‌ವೇಯಿಂದ ಹೊರದೇಶಕ್ಕೆ ಹಾರುವ ಯೋಗ ಅರ್ಧ ಶತಮಾನ ಕಳೆದರೂ ಒದಗಲಿಲ್ಲ.

2006ರಲ್ಲಿ ಉದ್ದದ ರನ್‌ವೇ ಸಿದ್ಧವಾಗಿ, ಅದೇ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ನೇರ ವಿಮಾನ ದುಬೈಗೆ ಹಾರಿತು. ಮುಂಬಯಿಯ ಕಾಯುವಿಕೆ ತಪ್ಪಿದ ಆ ದಿನವೇ, ನನ್ನ ಅಭಿಪ್ರಾಯದಲ್ಲಿ, ಈ ದಾರಿ ನಿಜವಾಗಿ ಕುಗ್ಗಿದ ದಿನ. ಇದೇ ದಾರಿಯಲ್ಲಿ 2010ರ ಮೇ 22ರಂದು ದುಬೈಯಿಂದ ಮರಳುತ್ತಿದ್ದ ವಿಮಾನ ಗುಡ್ಡದಂಚನ್ನು ದಾಟಿ ಬಿದ್ದು 158 ಜೀವಗಳು ಹೋದುವು. ಎಂಟು ಮಂದಿ ಉಳಿದರು. ಹಾರಾಟ ನಿಲ್ಲಲಿಲ್ಲ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಬೆಳಗ್ಗೆ ಎಂಟಕ್ಕೆ ಬಜ್ಪೆ ಬಿಟ್ಟವರು ಅಲ್ಲಿಯ ಹತ್ತಕ್ಕೇ ಇಳಿಯುತ್ತಾರೆ.