ಕುರ್ಚಿ ಯಾರದು, ಹೊತ್ತು ಯಾರದು: ತಂಪಾನೂರಿನಿಂದ ಒಂದು ಟಿಪ್ಪಣಿ

ತಿರುವನಂತಪುರದ ತಂಪಾನೂರಿನ ರೈಲು ನಿಲ್ದಾಣದಿಂದ ಹೊರಬಂದು ಬಸ್ ನಿಲ್ದಾಣದ ಕಡೆ ತಿರುಗಿದರೆ ಕೆಂಪು ಇಟ್ಟಿಗೆಯ ದುಂಡನೆಯ ಗೋಪುರವೊಂದು ಕಾಣುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಅದು. ಮಾವೇಲಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣಿಸಿ, ಸೆಕ್ರೆಟರಿಯೇಟಿನ ಕೆಲಸಕ್ಕೆಂದು ಬಂದಿಳಿಯುವ ಕಾಸರಗೋಡಿನ ಕನ್ನಡಿಗರಿಗೂ ಇದು ಗುರುತಿನ ಜಾಗ. ಒಳಗೆ ಮಹಡಿಗಳಿಲ್ಲ, ಬುಡದಿಂದ ತುದಿಯವರೆಗೆ ಸುತ್ತಿಕೊಂಡು ಏರುವ ಒಂದೇ ಇಳಿಜಾರು. ಗೋಡೆಗಂಟಿದ ಕಲ್ಲುಗಾರೆಯ ಬೆಂಚು, ಮೇಜು. ಇಟ್ಟಿಗೆಯ ಜಾಲಂಧ್ರದಿಂದ ಗಾಳಿ, ಬೆಳಕು.

ಇಲ್ಲಿ ಮೇಜನ್ನು ಒಂದಂಗುಲವೂ ಸರಿಸಲಾಗದು. ಆದರೂ ಓದುವವರು, ಕರಡು ತಿದ್ದುವವರು, ವಾದಿಸುವವರು ಕಾಫಿ ಹೌಸುಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಕಚೇರಿಯ ಪರಿಸರವೆಂದರೆ ಪೀಠೋಪಕರಣ ಎಂದು ತಿಳಿದವರು ಇದನ್ನು ಹೇಗೆ ವಿವರಿಸುತ್ತಾರೆ? ಜಾಗಕ್ಕಿಂತ ಜಾಗದ ಮೇಲಿನ ಹಿಡಿತ, ಅದಕ್ಕಿಂತಲೂ ಹೊತ್ತಿನ ಮೇಲಿನ ಹಿಡಿತ ಮುಖ್ಯವೆಂಬುದು ನನ್ನ ನಿಲುವು.

‘ಜ್ಞಾನ ಕಾರ್ಮಿಕ’ ಎಂಬ ಪರಿಕಲ್ಪನೆಯನ್ನು ಬಳಕೆಗೆ ತಂದ ಪೀಟರ್ ಡ್ರಕರ್ 1999ರ ಪ್ರಬಂಧವೊಂದರಲ್ಲಿ, ಇಂಥವರ ಉತ್ಪಾದಕತೆಗೆ ಆರು ಅಂಶಗಳನ್ನು ಹೆಸರಿಸಿದರು. ಮೊದಲನೆಯದು, ಮಾಡಬೇಕಾದ ಕೆಲಸ ಯಾವುದೆಂಬ ಪ್ರಶ್ನೆ, ಎರಡನೆಯದು ಸ್ವನಿರ್ವಹಣೆ. ಕಟ್ಟಡದ ಮಾತು ಆ ಪಟ್ಟಿಯಲ್ಲಿಲ್ಲ. ನನಗೆ ಅದೊಂದು ಕೊರತೆಯಾಗಿಯೇ ಕಾಣುತ್ತದೆ, ಏಕೆಂದರೆ ಗೋಡೆ ತೆಗೆದರೂ ಮನುಷ್ಯರ ನಡವಳಿಕೆ ಬದಲಾಗುತ್ತದೆ. ಬರ್ನ್‌ಸ್ಟೈನ್ ಮತ್ತು ಟರ್ಬನ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡ್ಡಗೋಡೆ ತೆಗೆದ ಎರಡು ಕಂಪನಿಗಳಲ್ಲಿ ಮುಖಾಮುಖಿ ಮಾತುಕತೆ ಹೆಚ್ಚಲಿಲ್ಲ, ಸುಮಾರು 70% ಇಳಿಯಿತು, ಇಮೇಲ್ ಹೆಚ್ಚಿತು. ಮರೆ ಕಳೆದುಕೊಂಡವರು ಮರೆಯನ್ನು ಬೇರೆ ದಾರಿಯಲ್ಲಿ ಕಟ್ಟಿಕೊಂಡರು ಎಂದೇ ಇದನ್ನು ಓದಬೇಕು.

ಹೊತ್ತಿನ ವಿಷಯಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ನಡೆಸಿದ ಪ್ರಯೋಗ ಹೆಚ್ಚು ಹತ್ತಿರ. ಒಂಬತ್ತು ತಿಂಗಳು ಮನೆಯಿಂದ ದುಡಿದವರ ಕೆಲಸ 13% ಹೆಚ್ಚಿತು. ಆಮೇಲೆ ಮನೆಯೋ ಕಚೇರಿಯೋ ಎಂಬ ಆಯ್ಕೆಯನ್ನು ಅವರಿಗೇ ಬಿಟ್ಟಾಗ ಅರ್ಧದಷ್ಟು ಮಂದಿ ಕಚೇರಿಗೆ ಮರಳಿದರು, ಕೆಲಸದ ಈ ಹೆಚ್ಚಳ ಸುಮಾರು 22%ಕ್ಕೆ ಏರಿತು. ಮನೆ ಒಳ್ಳೆಯದೆಂದು ಈ ಅಂಕಿ ಹೇಳುವುದಿಲ್ಲ, ತನಗೆ ಹೊಂದುವ ಜಾಗವನ್ನು ತಾನೇ ಆರಿಸಿಕೊಂಡವನ ಕೆಲಸ ಸಾಗುತ್ತದೆ ಎನ್ನುತ್ತದೆ. ಆದರೆ ಅದು ಕಾಲ್ ಸೆಂಟರ್, ಕರೆಗಳನ್ನು ಎಣಿಸಬಹುದು. ಕಡತ ಪರಿಶೀಲಿಸುವವರ, ಪ್ರೋಗ್ರಾಂ ಬರೆಯುವವರ ಕೆಲಸವನ್ನು ಹಾಗೆ ಎಣಿಸಲು ಹೋದರೆ ಎಣಿಕೆಗೆ ಸಿಗುವುದಷ್ಟೇ ಬೆಳೆಯುತ್ತದೆ.

ಜಾಗದ ಮೇಲಿನ ಹಿಡಿತದ ಮಾತಿಗೆ ಬೇಕರ್ ಅವರದೇ ಇನ್ನೊಂದು ಕಟ್ಟಡ ಸಮೂಹ ಸಾಕ್ಷಿಗೆ ನಿಲ್ಲುತ್ತದೆ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ 1970ರಲ್ಲಿ ಸ್ಥಾಪಿಸಿದ, ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಅಪ್ಪಟ ಬೌದ್ಧಿಕ ದುಡಿಮೆಯ ಜಾಗ. ಗುಡ್ಡದ ಇಳಿಜಾರು, ಮರಗಳು ಇದ್ದಂತೆಯೇ ಉಳಿದವು; ಕಟ್ಟಡಗಳು ಅವುಗಳ ನಡುವೆ ಹೊಂದಿಕೊಂಡವು. ಕಂಪ್ಯೂಟರ್ ಕೇಂದ್ರಕ್ಕೆ ಎರಡು ಪದರದ ಗೋಡೆ: ಹೊರಗೆ ಬಾಗಿ ಬಳುಕುವ ಇಟ್ಟಿಗೆ ಜಾಲ, ಒಳಗೆ ಯಂತ್ರಗಳಿಗೆ ಬೇಕಾದ ಬಿಗಿ ಗೋಡೆ, ನಡುವಿನ ತೆರವಿನಲ್ಲಿ ಕಚೇರಿ ಕೋಣೆಗಳು. ಯಂತ್ರಕ್ಕೆ ಬೇಕಾದ ಬಿಗಿಯನ್ನು ಮನುಷ್ಯರ ಮೇಲೆ ಹೇರದ ಈ ವಿವೇಕ ನನಗೆ ಬಹಳ ದೊಡ್ಡದೆನಿಸುತ್ತದೆ. 1990ರಲ್ಲಿ ಆರಂಭವಾದ ಕಳಕ್ಕೂಟ್ಟಂನ ಟೆಕ್ನೋಪಾರ್ಕ್, 2004ರ ಕೊಚ್ಚಿಯ ಇನ್ಫೋಪಾರ್ಕ್‌ಗಳ ಗಾಜಿನ ಐಟಿ ಕಟ್ಟಡಗಳು ಬೇರೆ ದಾರಿ ಹಿಡಿದವು. ಅಲ್ಲಿ ಹವಾನಿಯಂತ್ರಣದ ತಂಪು ಇಡೀ ಮಹಡಿಗೆ ಒಂದೇ.

ಕಾಫಿ ಹೌಸಿನ ಮಾಲೀಕತ್ವವನ್ನೂ ಮರೆಯುವಂತಿಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ನೌಕರರೇ ಸಹಕಾರ ಸಂಘ ಕಟ್ಟಿದರು: 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ ಮೊದಲು, 1958ರಲ್ಲಿ ತ್ರಿಶೂರಿನಲ್ಲಿ. ತಲೆಗೆ ಪೇಟ ಸುತ್ತಿ ಕಾಫಿ ತಂದಿಡುವವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಡ್ರಕರ್ ಅವರ ಲೆಕ್ಕದಲ್ಲಿ ಇವರು ಜ್ಞಾನ ಕಾರ್ಮಿಕರಲ್ಲ. ಆದರೆ ಸ್ವನಿರ್ವಹಣೆಯನ್ನು ಕೇವಲ ಒಬ್ಬ ವ್ಯಕ್ತಿಯ ಶಿಸ್ತು ಎಂದು ಬೋಧಿಸುವ ಇಂದಿನ ತರಬೇತಿಗಳು, ಅದು ಒಂದು ಗುಂಪಿನ ಹಕ್ಕೂ ಆಗಬಲ್ಲದೆಂಬುದನ್ನು ಇವರಿಂದ ಅರಿಯಬೇಕು.

ಟೆಕ್ನೋಪಾರ್ಕಿನಲ್ಲಿ ಮುಂದೆ ಕ್ಷೇತ್ರಕಾರ್ಯ ಮಾಡುವವರು ಮೇಜಿನ ಅಳತೆ, ದೀಪದ ಬೆಳಕಿನ ಜೊತೆಗೆ ಮೂರು ಸಂಗತಿಗಳನ್ನು ಬರೆದುಕೊಳ್ಳಲಿ: ಕಿಟಕಿ ತೆರೆಯುವ ಅಧಿಕಾರ ಯಾರಿಗಿದೆ, ಮೀಟಿಂಗಿಗೆ ಬರಲಾರೆ ಎಂದು ಯಾರು ಹೇಳಬಲ್ಲರು, ದಿನದಲ್ಲಿ ಯಾರೂ ಕರೆಯದ ಎರಡು ಗಂಟೆ ಯಾರಿಗೆ ಸಿಗುತ್ತದೆ.