ಬಾವಿಯ ನೀರಿಗೆ ಲೆಕ್ಕ ಹಿಡಿದ ಇಂಜಿನಿಯರ್ ಸರ್ ಆಲ್ಫ್ರೆಡ್ ಚಾಟರ್ಟನ್

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಯಾವ ಹಿತ್ತಲಿಗೆ ಹೋದರೂ ಒಂದು ಬಾವಿ, ಬಾವಿಯ ಹತ್ತಿರ ಒಂದು ಪಂಪು ಕಾಣುತ್ತದೆ. ಗುಂಡಿ ಒತ್ತಿದರೆ ಸೈ, ತೋಟಕ್ಕೆ ನೀರು. ನಮ್ಮಂಥ ಸಹಕಾರಿ ಸಂಘಗಳ ಬಾಗಿಲಿಗೆ ರೈತರು ಬಂದದ್ದು ಬೆಳೆಸಾಲಕ್ಕೆ, ಗೊಬ್ಬರಕ್ಕೆ, ಅದು ಬಿಟ್ಟರೆ ಪಂಪುಸೆಟ್ಟಿನ ಸಾಲಕ್ಕೆ. ಆದರೆ ಈ ಪಂಪು ನಮ್ಮ ಸೀಮೆಯ ಬೇಸಾಯಕ್ಕೆ ಬಂದ ಕತೆ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕತೆಯಲ್ಲಿ ದೊಡ್ಡ ಪಾಲು ಒಬ್ಬ ಇಂಗ್ಲಿಷ್ ಇಂಜಿನಿಯರರದ್ದು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ಜೊತೆ ದುಡಿದ ಸರ್ ಆಲ್ಫ್ರೆಡ್ ಚಾಟರ್ಟನ್ ಅವರು.

ಚಾಟರ್ಟನ್ ಹುಟ್ಟಿದ್ದು 1866ರಲ್ಲಿ. ಲಂಡನ್ನಿನ ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜಿನಲ್ಲಿ ಓದಿದರು. ಬರೇ ಪುಸ್ತಕ ಅಲ್ಲ, ಕೈಯಲ್ಲಿ ಉಪಕರಣ ಹಿಡಿದು ಕಲಿಯಬೇಕು ಅನ್ನುವ ಪದ್ಧತಿ ಅಲ್ಲಿಯದು. 1888ರಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ಹುಡುಗ, ಮದ್ರಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಪ್ರೊಫೆಸರಾಗಿ ಬಂದರು. ಆ ಕಾಲೇಜು ಆಗ ಚೇಪಾಕಿನಲ್ಲಿತ್ತು, ಗಿಂಡಿಗೆ ಹೋದದ್ದು 1920ರಲ್ಲಿ. ನಮ್ಮ ದಕ್ಷಿಣ ಕನ್ನಡವೂ ಆಗ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. 1956ರ ನವೆಂಬರ್ 1ರವರೆಗೆ ನಮ್ಮ ಕಾನೂನು, ಕಂದಾಯ, ಸಾಲದ ನಿಯಮ ಎಲ್ಲವೂ ಮದ್ರಾಸಿನದೇ. ಹಾಗಾಗಿ ಅಲ್ಲಿನ ಒಬ್ಬ ಇಂಜಿನಿಯರ್ ನೀರೆತ್ತುವ ವಿಷಯದಲ್ಲಿ ಏನು ಮಾಡಿದರು ಅನ್ನುವುದು ನಮಗೆ ಸಂಬಂಧವಿಲ್ಲದ ವಿಚಾರ ಅಲ್ಲ.

ಮೊದಲು ಹೆಸರು ಬಂದದ್ದು ಮಾತ್ರ ನೀರಿನಿಂದಲ್ಲ, ಪಾತ್ರೆಯಿಂದ. 1898ರ ಹೊತ್ತಿಗೆ ಮದ್ರಾಸಿನ ಕಲಾಶಾಲೆಯಲ್ಲಿ ಅವರು ಅಲ್ಯುಮಿನಿಯಂ ಪಾತ್ರೆ ಮಾಡಿಸಲು ಸುರುಮಾಡಿದರು. ಲೋಹ ಪರದೇಶದ್ದು, ಬಡಿಯುವ ಕೈ ನಮ್ಮ ಕಂಚುಗಾರರದ್ದು. ಕೆಲಸ ಕೈಗೂಡಿದ ಮೇಲೆ 1900ರಲ್ಲಿ ಅದಕ್ಕೆಂದೇ ಒಂದು ಖಾಸಗಿ ಕಂಪೆನಿ ಎದ್ದಿತು. ಸರಕಾರ ಪರೀಕ್ಷೆ ಮಾಡಿ ತೋರಿಸಬೇಕು, ಲಾಭ ಕಂಡ ಮೇಲೆ ಜನರಿಗೆ ಬಿಟ್ಟುಕೊಡಬೇಕು, ಇದು ಅವರ ನಿಲುವು. ಗಂಜಿ ಬೇಯಿಸುವ ಅಲ್ಯುಮಿನಿಯಂ ಪಾತ್ರೆ ಇಲ್ಲದ ಮನೆ ನಮ್ಮಲ್ಲಿ ಒಂದು ಕಾಲಕ್ಕೆ ಇರಲಿಲ್ಲ. ಅದೇ ಪಾತ್ರೆ ನಮ್ಮ ಕುಂಬಾರರ ಮಡಕೆಗೆ ಪೆಟ್ಟು ಕೊಟ್ಟದ್ದೂ ಸುಳ್ಳಲ್ಲ. ಆ ಲೆಕ್ಕವನ್ನು ಬರೆದಿಟ್ಟವರು ಯಾರೂ ಇಲ್ಲ.

ಇನ್ನು ನೀರಿನ ವಿಷಯ. ಹಿಂದೆ ಬಾವಿ, ಕೆರೆಗಳಿಂದ ನೀರೆತ್ತಲು ಘಟ್ಟದ ಮೇಲೆ ಎತ್ತು ಕಟ್ಟಿದ ಕಪಿಲೆ, ನಮ್ಮಲ್ಲಿ ಏತ. ಸುಗ್ಗಿ ಗದ್ದೆಗೂ, ಕೊಳ್ಕೆ ಬೆಳೆಗೂ ಏತ ಹೊಡೆದವರ ಕೈ ಮುಟ್ಟಿ ನೋಡಿದರೆ ಗೊತ್ತಾಗುತ್ತಿತ್ತು, ಅದು ಎಂಥ ದುಡಿಮೆ ಅಂತ. ಚಾಟರ್ಟನ್ ಮಾಡಿದ್ದು ಇಷ್ಟೆ: ಈ ಏತವನ್ನೂ ಕಪಿಲೆಯನ್ನೂ ಹಳೆಕಾಲದ್ದು ಎಂದು ತಳ್ಳಿಹಾಕದೆ ಅಳೆದು ನೋಡಿದರು. ಎಷ್ಟು ಆಳದಿಂದ, ಎಷ್ಟು ಹೊತ್ತಿನಲ್ಲಿ, ಎಷ್ಟು ನೀರು, ಅದಕ್ಕೆ ಆಳಿನ ಕೂಲಿ ಎಷ್ಟು, ಎತ್ತಿನ ಹುಲ್ಲು ಹಿಂಡಿ ಎಷ್ಟು. ಆ ಲೆಕ್ಕ ಕೈಯಲ್ಲಿ ಹಿಡಿದೇ ಎಂಜಿನಿನ ಕಡೆ ತಿರುಗಿದರು. ಅಳತೆ ಮಾಡುವಾಗ ಕಪಿಲೆಯ ತೊಗಲಿನ ಚೀಲ ನೀರಿನಲ್ಲಿ ಬೇಗ ಕೊಳೆಯುವುದೂ ಲೆಕ್ಕಕ್ಕೆ ಬಂತು. ಕ್ರೋಮ್ ಉಪ್ಪಿನಿಂದ ಹದಮಾಡಿದ ತೊಗಲು ನೀರಿಗೆ ಜಾಸ್ತಿ ತಡೆಯುತ್ತದೆ ಎಂದು 1903ರಿಂದ ಆ ಕೆಲಸಕ್ಕೂ ಕೈಹಾಕಿದರು. ಬಾವಿಯ ಚೀಲ ಹುಡುಕುತ್ತಾ ಹೋಗಿ ಚರ್ಮದ ಕೈಗಾರಿಕೆಯನ್ನೇ ಮುಟ್ಟಿದ ಮನುಷ್ಯ.

ಲೆಕ್ಕ ಅಂದರೆ ಎಂಥದು ಅಂತ ನಾವೂ ಒಂದು ಸಲ ಮಾಡಿ ನೋಡೋಣ. ಒಂದು ಎಕರೆ ಗದ್ದೆಯಲ್ಲಿ ಬರೇ ಒಂದು ಅಂಗುಲ ನೀರು ನಿಲ್ಲಬೇಕಾದರೆ ಸುಮಾರು 1,02,800 ಲೀಟರ್ ಬೇಕು. ಏತದ ಮರಿಗೆಯಲ್ಲಿ ಸಲಕ್ಕೆ 25 ಲೀಟರ್ ಬಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಎತ್ತಬೇಕು. ನಿಮಿಷಕ್ಕೆ ನಾಲ್ಕು ಸಲ ಎಂದರೂ ಹದಿನೇಳು ಗಂಟೆ, ಅದೂ ಬೆನ್ನು ನೆಟ್ಟಗೆ ಮಾಡದೆ. ಒಂದು ಅಶ್ವಶಕ್ತಿಯ ಎಂಜಿನು ಆರು ಮೀಟರ್ ಆಳದಿಂದ, ಅರ್ಧಕ್ಕರ್ಧ ಶಕ್ತಿ ಪಂಪಿನಲ್ಲೂ ಕೊಳವೆಯಲ್ಲೂ ಹಾಳಾಯಿತು ಎಂದೇ ಇಟ್ಟುಕೊಂಡರೂ, ಅಷ್ಟೇ ನೀರನ್ನು ನಾಲ್ಕೂವರೆ ಗಂಟೆಯಲ್ಲಿ ಎತ್ತುತ್ತದೆ.

1902ರ ಸುಮಾರಿಗೆ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ಅವರು ಬಾವಿಗೆ ಎಣ್ಣೆ ಎಂಜಿನು, ಅದಕ್ಕೆ ಬೆಲ್ಟು ಕಟ್ಟಿ ತಿರುಗುವ ಸೆಂಟ್ರಿಫ್ಯೂಗಲ್ ಪಂಪು ಕೂರಿಸಿ ಪರೀಕ್ಷೆ ಮಾಡಿಸಿದರು. ಆ ಕಾಲದ ಎಣ್ಣೆ ಎಂಜಿನಿಗೆ ಈಗಿನ ಹಾಗೆ ಗುಂಡಿ ಇಲ್ಲ. ಅದರ ತಲೆಯ ಬುರುಡೆಯನ್ನು ದೀಪದಿಂದ ಕಾಯಿಸಬೇಕು, ಕೆಂಪಗೆ ಕಾದ ಮೇಲೆ ಚಕ್ರ ತಿರುಗಿಸಿ ಹೊರಡಿಸಬೇಕು. ಇನ್ನೊಂದು ತೊಡಕೂ ಇತ್ತು. ಪಂಪು ನೀರನ್ನು ಹೀರುವುದು ಗಾಳಿಯ ಒತ್ತಡದಿಂದ. ಲೆಕ್ಕದ ಪ್ರಕಾರ ಹತ್ತು ಮೀಟರ್ ಹೀರಬೇಕು, ನಿಜದಲ್ಲಿ ಏಳು ಮೀಟರ್ ದಾಟುವುದು ಕಷ್ಟ. ಅದಕ್ಕೇ ಪಂಪನ್ನು ಬಾವಿಯ ಒಳಗೆ ಇಳಿಸಿ ಕೂರಿಸಬೇಕಾಯಿತು. ನಮ್ಮೂರಿನ ಹಳೆ ಬಾವಿಗಳ ಒಳಗೆ ಗೋಡೆ ಕೊರೆದು ಮಾಡಿದ ಪಂಪಿನ ಜಗಲಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಹತ್ತು ವರ್ಷದೊಳಗೆ ಮದ್ರಾಸ್ ಪ್ರಾಂತ್ಯದಲ್ಲಿ ನೂರಾರು ಕಡೆ ಇಂಥ ಎಂಜಿನುಗಳು ಓಡಿದವು. 1883ರ ಭೂಸುಧಾರಣಾ ಸಾಲದ ಕಾಯಿದೆ ಮತ್ತು 1884ರ ಕೃಷಿಕರ ಸಾಲದ ಕಾಯಿದೆ ಪ್ರಕಾರ ಸರಕಾರ ರೈತರಿಗೆ ಸಾಲ ಕೊಡುತ್ತಿತ್ತು. ಈ ಪಂಪುಗಳಿಗೂ ಅದು ಸಿಕ್ಕಿತು. ನಮ್ಮ ಪಂಪುಸೆಟ್ಟಿನ ಸಾಲದ ಅಜ್ಜ ಅಂದರೆ ಅದೇ ಎನ್ನಬಹುದು. ಆದರೆ ಎಂಜಿನು ತಂದವರೆಲ್ಲ ಗೆದ್ದರು ಎಂದಲ್ಲ. ಬಾವಿಯ ಒರತೆ ಎಷ್ಟು, ಜಮೀನು ಎಷ್ಟು, ಈ ಎರಡು ಪ್ರಶ್ನೆಗೆ ಉತ್ತರ ಇಲ್ಲದೆ ಎಂಜಿನು ತಂದರೆ ನಷ್ಟವೇ. ಗಂಟೆಗೆ ಐದು ಸಾವಿರ ಲೀಟರ್ ಒಸರುವ ಬಾವಿಗೆ ಇಪ್ಪತ್ತು ಸಾವಿರ ಎಳೆಯುವ ಪಂಪು ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೆಸರು ಬರುತ್ತದೆ. ಅದಕ್ಕಾಗಿ ಅವರ ಇಲಾಖೆ ಪಂಪಿನ ಜೊತೆ ಬೋರಿಂಗ್ ಕೆಲಸವನ್ನೂ ಹಚ್ಚಿಕೊಂಡಿತು. ಜಮೀನಿನ ಪ್ರಶ್ನೆಗೆ ಮಾತ್ರ ಇಂಜಿನಿಯರರಲ್ಲಿ ಮದ್ದಿಲ್ಲ. ಅರ್ಧ ಎಕರೆ, ಮುಕ್ಕಾಲು ಎಕರೆ ಗೇಣಿ ಗದ್ದೆಯವನು ಎಂಜಿನು ಸಾಕುವುದು ಹೇಗೆ?

ಇಲ್ಲಿಯೇ ಸಹಕಾರ ಬರುವುದು. ಅದೇ ಕಾಲದಲ್ಲಿ, 1904ರಲ್ಲಿ, ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. 1909ರಲ್ಲಿ ಪುತ್ತೂರಿನಲ್ಲಿ ಸಂಘ ಕಟ್ಟಿದವರು ಮೊಳಹಳ್ಳಿ ಶಿವರಾಯರು, ಹೆಸರಿನಲ್ಲೇ ನಮ್ಮ ಕುಂದಾಪುರ ತಾಲೂಕಿನ ಮೊಳಹಳ್ಳಿ ಇದೆ ನೋಡಿ. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೂ ಅವರ ಶ್ರಮದಿಂದಲೇ ಬಂತು. ಯಂತ್ರ ಒಂದು ಕಡೆಯಿಂದ, ಸಾಲ ಇನ್ನೊಂದು ಕಡೆಯಿಂದ ಹೊರಟು ಸಣ್ಣ ರೈತನ ಬಾವಿಕಟ್ಟೆಯಲ್ಲಿ ಭೇಟಿಯಾಗಲು ಮಾತ್ರ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಕರೆಂಟು ಬರಬೇಕಿತ್ತು, ಗೇಣಿದಾರನಿಗೆ ಭೂಮಿ ಸಿಗಬೇಕಿತ್ತು. 1974ರ ಭೂಸುಧಾರಣೆಯ ಮೇಲೆ ತಾನೆ ನಮ್ಮಲ್ಲಿ ಅನೇಕರು ತಮ್ಮ ಹೆಸರಿನ ಬಾವಿಗೆ ಸಾಲ ಕೇಳುವ ಹಾಗಾದದ್ದು!

ಮದ್ರಾಸಿನಲ್ಲಿ ಚಾಟರ್ಟನ್ನರ ಹಾದಿ ಸುಗಮವಾಗಿರಲಿಲ್ಲ. 1908ರಲ್ಲಿ ಊಟಿಯಲ್ಲಿ ಕೈಗಾರಿಕಾ ಸಮ್ಮೇಳನ ನಡೆದು ಕೈಗಾರಿಕಾ ಇಲಾಖೆ ಆಯಿತು, ಅದಕ್ಕೆ ಅವರೇ ಮುಖ್ಯಸ್ಥರು. ಸೇಲಂನಲ್ಲಿ ನೇಕಾರರಿಗಾಗಿ ಹಾರುಲಾಳಿಯ ಮಗ್ಗದ ಕಾರ್ಖಾನೆಯನ್ನೂ ನಡೆಸಿದ್ದರು. ಆದರೆ ಮದ್ರಾಸಿನ ಯುರೋಪಿಯನ್ ವ್ಯಾಪಾರಿಗಳಿಗೆ ಇದು ಹಿಡಿಸಲಿಲ್ಲ. ಸರಕಾರ ವ್ಯಾಪಾರಕ್ಕೆ ಇಳಿಯಬಾರದು ಎಂದು ದೂರು ಹೋಯಿತು. 1910ರಲ್ಲಿ ಲಂಡನ್ನಿನಿಂದ ಭಾರತ ಮಂತ್ರಿ ಲಾರ್ಡ್ ಮಾರ್ಲೆ ಈ ಪ್ರಯೋಗಗಳು ಸಲ್ಲ ಎಂದು ಬರೆದರು. ಇಲಾಖೆ ಮುಚ್ಚಿತು, ತೊಗಲಿನ ಕಾರ್ಖಾನೆ ರೇವಾ ಸಂಸ್ಥಾನಕ್ಕೆ ಹೋಯಿತು, ಮಗ್ಗದ ಕಾರ್ಖಾನೆ ನಿಂತಿತು. ಪಂಪು, ಬೋರಿಂಗ್ ಕೆಲಸ ಮಾತ್ರ ಉಳಿಯಿತು. ಅವರ ದೇಶದವರೇ ಅವರ ಕಾಲೆಳೆದರು ಎನ್ನದೆ ವಿಧಿಯಿಲ್ಲ.

ನಷ್ಟ ಮದ್ರಾಸಿನದ್ದು, ಲಾಭ ಮೈಸೂರಿನದ್ದು. 1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ನಿರ್ದೇಶಕರಾದರು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ನೀರೆತ್ತುವ ಬಗ್ಗೆ ಮತ್ತು ಭಾರತದ ಕೈಗಾರಿಕೆಯ ಬಗ್ಗೆ ಅವರ ಎರಡು ಪುಸ್ತಕಗಳೂ ಆ ವರ್ಷದವೇ. 1914ರಲ್ಲಿ ಯುದ್ಧ ಸುರುವಾದಾಗ ಮೈಸೂರಿನ ಗಂಧದ ಮರಕ್ಕೆ ಗಿರಾಕಿಯೇ ಇಲ್ಲ, ಯಾಕೆಂದರೆ ಎಣ್ಣೆ ತೆಗೆಯುವುದು ಹೆಚ್ಚಾಗಿ ಜರ್ಮನಿಯಲ್ಲಿ. ಮರ ಗೋದಾಮಿನಲ್ಲಿ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಪ್ರೊಫೆಸರರಾದ ಸಡ್ಬರೊ ಮತ್ತು ವಾಟ್ಸನ್ ಅವರ ಸಹಾಯದಿಂದ ಇಲ್ಲಿಯೇ ಎಣ್ಣೆ ಬಟ್ಟಿ ಇಳಿಸುವ ಕೆಲಸ ನಡೆದು 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆಯಿತು. ನಮ್ಮ ಬಚ್ಚಲಿನ ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳ ಆ ಎಣ್ಣೆಯ ಮುಂದುವರಿಕೆ.

ಮತ್ತೆ ನಮ್ಮ ಬಾವಿಗೆ ಬರೋಣ. 2008ರಿಂದ ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ. ರೈತರಿಗೆ ದೊಡ್ಡ ಉಪಕಾರ ಆಯಿತು, ಸಂಶಯ ಇಲ್ಲ. ಆದರೆ ಬಿಲ್ಲು ಬಾರದ ಮೇಲೆ ಗಂಟೆ ಲೆಕ್ಕ ಇಡುವವರೂ ಕಡಿಮೆಯಾದರು. ಘಟ್ಟದ ಮೇಲೆ ಹೆಚ್ಚು ಎಳೆದರೆ ಬಾವಿ ಬತ್ತುತ್ತದೆ, ಮಳೆ ಬಂದರೆ ಮತ್ತೆ ತುಂಬೀತು. ನಮ್ಮ ಸೌಪರ್ಣಿಕಾ, ವಾರಾಹಿ, ಚಕ್ರಾ ನದಿಗಳ ಬಾಯಿಯ ಹತ್ತಿರ, ಕಡಲ ಕರೆಯಲ್ಲಿ ಹಾಗಲ್ಲ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲಿಕೊಂಡು ಇರುವಂಥದು. ಮೇಲಿನದನ್ನು ಸೆಳೆದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ. ಒಬ್ಬನ ಪಂಪು ಓಡಿದರೆ ನೆರೆಮನೆಯ ಬಾವಿಯೂ ಉಪ್ಪಾಗಬಹುದು, ಉಪ್ಪು ಹಿಡಿದ ತೆಂಗು, ಅಡಿಕೆ ಚೇತರಿಸಲು ವರ್ಷಗಳೇ ಬೇಕು. ಸಂಘದಿಂದ ಪಂಪಿಗೆ ಸಾಲ ಕೊಡುವಾಗ ಆರ್‌ಟಿಸಿ ನೋಡುತ್ತಾರೆ, ಜಾಮೀನು ಕೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಬಾವಿಯಲ್ಲಿ ಗಂಟೆಗೆ ಎಷ್ಟು ನೀರು ಒಸರುತ್ತದೆ ಎಂದು ಅಳೆದು ಅರ್ಜಿಯಲ್ಲಿ ಬರೆಯಿರಿ ಎಂದು ಕೇಳಿದರೆ ತಪ್ಪೇನು? ಒಂದು ದಿನ ನೀರು ಖಾಲಿ ಮಾಡಿ, ಅಡಿಕೋಲು ಇಳಿಸಿ, ಗಡಿಯಾರ ನೋಡಿದರೆ ಸಾಕು. ಖರ್ಚಿಲ್ಲದ ಕೆಲಸ.

ಚಾಟರ್ಟನ್ 1916ರಿಂದ 18ರವರೆಗೆ ಭಾರತದ ಕೈಗಾರಿಕಾ ಆಯೋಗದ ಸದಸ್ಯರಾಗಿದ್ದರು. ಮದ್ರಾಸಿನಲ್ಲಿ ಯಾವುದನ್ನು ಸಲ್ಲದು ಎಂದಿದ್ದರೋ, ಅಂದರೆ ಪ್ರಾಂತ್ಯಕ್ಕೊಂದು ಕೈಗಾರಿಕಾ ಇಲಾಖೆ, ಅದನ್ನೇ ಆ ಆಯೋಗ ಶಿಫಾರಸು ಮಾಡಿತು. 1919ರಲ್ಲಿ ಅವರಿಗೆ ಸರ್ ಪದವಿ ಬಂತು. 1958ರ ಜುಲೈಯಲ್ಲಿ, ತೊಂಬತ್ತೊಂದನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಆಗುತ್ತಾ ಬಂದಿತ್ತು, ನಮ್ಮ ಬೈಲುಗದ್ದೆಗಳ ಬದಿಯಲ್ಲಿ ಏತಗಳು ಇನ್ನೂ ಏಳುತ್ತಾ ಬೀಳುತ್ತಾ ಇದ್ದವು.