ಮೈಸೂರು ಪ್ರಜಾಪ್ರತಿನಿಧಿ ಸಭೆ: ಸಲಹೆಯ ಹಕ್ಕು ಮತ್ತು ಅದರ ಮೇರೆ

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸಮಾವೇಶಗೊಂಡಿತು. 144 ಮಂದಿ ಪ್ರತಿನಿಧಿಗಳು ಆಡಳಿತದ ವರದಿಯನ್ನು ಆಲಿಸಿ ಪ್ರಜೆಗಳ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳಬಹುದಿತ್ತು. ಸರಕಾರವನ್ನು ತಡೆಯುವ ಅಧಿಕಾರ ಅವರಿಗಿರಲಿಲ್ಲ. 1907ರಲ್ಲಿ ಶಾಸನರಚನೆಗೆ ನೆರವಾಗಲೆಂದು ನ್ಯಾಯವಿಧಾಯಕ ಸಭೆಯೂ ಸ್ಥಾಪಿತವಾಯಿತು.

1923ರ ಸುಧಾರಣೆಗಳು ಈ ಅಧಿಕಾರವನ್ನು ಕೊಂಚ ವಿಸ್ತರಿಸಿದುವು. ಹೊಸ ತೆರಿಗೆಯನ್ನು ವಿಧಿಸುವ ಮುನ್ನ ಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಪಡೆಯತಕ್ಕದ್ದೆಂದೂ ಮಸೂದೆಗಳ ಸಾಮಾನ್ಯ ತತ್ತ್ವಗಳನ್ನು ಅದರ ಮುಂದಿಡತಕ್ಕದ್ದೆಂದೂ ವಿಧಿಸಲಾಯಿತು. ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಹಕ್ಕು ನ್ಯಾಯವಿಧಾಯಕ ಸಭೆಗೆ ಲಭಿಸಿತು. ಆದರೆ ಆಗಲೂ ಎರಡು ಸಭೆಗಳ ಅಧ್ಯಕ್ಷಪೀಠ ದಿವಾನರದೇ. ಲೆಕ್ಕ ಒಪ್ಪಿಸಬೇಕಾದವರೇ ಲೆಕ್ಕ ಕೇಳುವ ಸಭೆಯನ್ನು ನಡೆಸುತ್ತಿದ್ದರು; ಅವರನ್ನು ನೇಮಿಸುವುದೂ ತೆಗೆಯುವುದೂ ಮಹಾರಾಜರಿಗೆ ಸೇರಿದ್ದಿತು.

ಅಭಿಪ್ರಾಯವನ್ನು ಕೇಳುವುದು ಬೇರೆ, ಅದಕ್ಕೆ ಬದ್ಧವಾಗುವುದು ಬೇರೆ. ಸಭೆಯ ವಿಶ್ವಾಸವಿಲ್ಲದೆ ಕಾರ್ಯಾಂಗವು ಉಳಿಯಲಾರದೆಂಬ ನಿಯಮವೇ ಅದಕ್ಕೆ ನಿಜವಾದ ಮಿತಿ. ಅಂಥ ಹೊಣೆಗಾರಿಕೆಯ ಸರಕಾರಕ್ಕೆ ಚಳವಳಿಯ ಒತ್ತಡವೇ ಬೇಕಾಯಿತು: 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿಕೊಂಡಿತು. ಹಾಗೆಂದು ಹಳೆಯ ಸಭೆಯನ್ನು ನಿಷ್ಫಲವೆನ್ನಲಾಗದು. ಆಳುವವರನ್ನು ಎದುರಿಗೆ ನಿಂತು ಪ್ರಶ್ನಿಸುವ ರೂಢಿಯನ್ನು ಅದು ಅರುವತ್ತಾರು ವರ್ಷಗಳ ಕಾಲ ಈ ನಾಡಿನಲ್ಲಿ ಬೆಳೆಸಿದ್ದಿತು.